ಹುರಿದುಂಬಿಸುವ ಭಾಷಣ ಆಮೇಲೆ, ಮೊದಲು ಒಂದು ಲೆಕ್ಕ ಸರಿಹೋಗಲಿ

ಜನವರಿ ಬಂತೆಂದರೆ ನಮ್ಮ ಶಿವಮೊಗ್ಗ ಜಿಲ್ಲೆಯ ಹೈಸ್ಕೂಲುಗಳಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪ್ರೇರಣಾ ಕಾರ್ಯಕ್ರಮಗಳ ಸುಗ್ಗಿ. ಹೊರಗಿನಿಂದ ಯಾರೋ ಭಾಷಣಕಾರರು ಬರುತ್ತಾರೆ, ಮೈಕ್ ಹಿಡಿದು ಒಂದೂವರೆ ಗಂಟೆ ಮಾತಾಡುತ್ತಾರೆ, ಮಕ್ಕಳು ಕೈಯೆತ್ತಿ ಶಪಥ ಮಾಡುತ್ತಾರೆ. ಮಾರನೇ ದಿನ ಗಣಿತದ ಪೀರಿಯಡ್ಡಿನಲ್ಲಿ ಭಿನ್ನರಾಶಿ ಬಾರದ ಹುಡುಗ ಅದೇ ಹಿಂದಿನ ಬೆಂಚಿನಲ್ಲಿ, ಭಿನ್ನರಾಶಿ ಬಾರದವನಾಗಿಯೇ ಕೂತಿರುತ್ತಾನೆ. ಕೆಲಸದ ಜಾಗದ ಕಥೆಯೂ ಹೆಚ್ಚುಕಮ್ಮಿ ಇದೇ. ಮಾಚೇನಹಳ್ಳಿಯ ಫೌಂಡ್ರಿಯಿರಲಿ, ತೀರ್ಥಹಳ್ಳಿ ಕಡೆಯ ಒಂದು ಸೊಸೈಟಿಯಿರಲಿ, ಮೇಲಿನವರ ದೂರು ಒಂದೇ: "ಇವ್ರಿಗೆ ಕಲಿಯೋ ಮನಸ್ಸೇ ಇಲ್ಲ ಮಾರಾಯ್ರೆ."

ಮನಸ್ಸು ಬಂದರೆ ಕಲಿಯುತ್ತಾರೆ ಎಂದು ನಾವೆಲ್ಲ ನಂಬಿದ್ದೇವೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸುಮಾರು 1,500 ಮಕ್ಕಳನ್ನು ಒಂದನೇ ತರಗತಿಯಿಂದ ನಾಲ್ಕನೇ ತರಗತಿಯವರೆಗೆ ಹಿಂಬಾಲಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಗಣಿತ ಚೆನ್ನಾಗಿ ಬರುತ್ತಿದ್ದ ಮಕ್ಕಳಿಗೆ ಮುಂದಿನ ವರ್ಷಗಳಲ್ಲಿ ಗಣಿತದ ಮೇಲೆ ಆಸೆ ಹೆಚ್ಚಿತು. ಆದರೆ ಮೊದಲೇ ಆಸೆಯಿದ್ದ ಮಕ್ಕಳಿಗೆ ಆ ಕಾರಣಕ್ಕೇ ಗಣಿತ ಚೆನ್ನಾಗಿ ಬಂತು ಎಂಬುದು ಅಲ್ಲಿ ಕಾಣಲಿಲ್ಲ. ಒಂದು ಅಧ್ಯಯನ ಇಡೀ ಜಗತ್ತಿನ ಮಾತಲ್ಲ, ನಿಜ. ಆದರೂ ನನ್ನ ಅಭಿಪ್ರಾಯದಲ್ಲಿ ಶಾಲೆಗೂ ಕೆಲಸದ ಜಾಗಕ್ಕೂ ಅತ್ಯಂತ ಉಪಯೋಗಕ್ಕೆ ಬರುವ ಸಂಗತಿ ಇದೇ. 'ನನ್ನಿಂದ ಆಯ್ತು' ಅನ್ನಿಸುವಂಥ ಒಂದು ಸಣ್ಣ ಗೆಲುವನ್ನು ಮೊದಲು ಮಾಡಿಸಿದರೆ ಹುಮ್ಮಸ್ಸು ಅದರ ಹಿಂದೆ ಬರುತ್ತದೆ. ಕೆಳಗಿನ ಹೆಜ್ಜೆಗಳನ್ನು ಜೋಡಿಸಿರುವುದು ಇದೇ ಲೆಕ್ಕಾಚಾರದಲ್ಲಿ. ಮೇಷ್ಟ್ರುಗಳಿಗೆ, ಮನೆಯಲ್ಲಿ ಮಕ್ಕಳನ್ನು ಓದಿಗೆ ಕೂರಿಸುವವರಿಗೆ, ನಾಲ್ಕಾರು ಜನರ ಕೈಯಲ್ಲಿ ಕೆಲಸ ಮಾಡಿಸುವವರಿಗೆ ಇದು ಹೊಂದುತ್ತದೆ. ಒಂದೊಂದೇ ಹೆಜ್ಜೆ ಇಡಿ. ಫಲ ನೋಡಲು ಆರು ವಾರವಾದರೂ ಕೊಡಿ.

1. ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡಿ

'ಆಸಕ್ತಿ ಇಲ್ಲ' ಎಂಬ ಮಾತಿನ ಹಿಂದೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದಿರುತ್ತದೆ. ಹಿಂದಿನ ಪಾಠವೇ ಬಂದಿಲ್ಲ. ಬಂದಿದೆ, ಆದರೆ ಇದನ್ನು ಕಲಿತು ಏನಾಗಬೇಕು ಅಂತ ಗೊತ್ತಿಲ್ಲ. ತಪ್ಪಾದರೆ ಉಳಿದವರು ನಗುತ್ತಾರೆ ಎಂಬ ಹೆದರಿಕೆ. ಅಥವಾ ಮೈ ದಣಿದಿದೆ, ಅಷ್ಟೇ.

ಕೊನೆಯದನ್ನು ಮಲೆನಾಡಿನಲ್ಲಿ ಹಗುರವಾಗಿ ತೆಗೆದುಕೊಳ್ಳಬೇಡಿ. ಅಡಿಕೆ ಸುಲಿತದ ಕಾಲದಲ್ಲಿ ಮನೆಮಂದಿಯೆಲ್ಲ ರಾತ್ರಿ ತಡವಾಗಿ ಮಲಗುತ್ತಾರೆ, ಮಕ್ಕಳೂ ಅವರ ಜೊತೆಗೇ. ಜುಲೈ ಮಳೆಯಲ್ಲಿ ಹೊಸನಗರದ ಆಚೆಯ ಹಳ್ಳಿಯಿಂದ ಕಾಲುಸಂಕ ದಾಟಿ, ಬಸ್ಸಿಗೆ ಕಾದು, ಒದ್ದೆ ಯೂನಿಫಾರ್ಮಿನಲ್ಲಿ ಕೂತ ಹುಡುಗಿಗೆ ಮೊದಲ ಪೀರಿಯಡ್ಡು ತಲೆಗೆ ಹತ್ತದಿದ್ದರೆ ಅದಕ್ಕೆ ಮನಶ್ಶಾಸ್ತ್ರ ಬೇಕಾಗಿಲ್ಲ. ಒಂದು ಒಣ ಟವೆಲ್ಲು, ಮೊದಲ ಹತ್ತು ನಿಮಿಷ ಹಗುರ ಕೆಲಸ ಸಾಕು. ರಾತ್ರಿ ಪಾಳಿ ಮುಗಿಸಿದವರನ್ನು ಬೆಳಗ್ಗೆ ತರಬೇತಿಗೆ ಕೂರಿಸುವ ಕಾರ್ಖಾನೆಗಳಿಗೂ ಇದೇ ಮಾತು.

ಮೊದಲನೆಯ ಕಾರಣವನ್ನು ಪತ್ತೆ ಮಾಡಲು ಮಗುವಿನ ಜೊತೆ ಹದಿನೈದು ನಿಮಿಷ ಬೇರೆಯಾಗಿ ಕೂರಿ. ಎರಡು ತರಗತಿ ಹಿಂದಿನ ಕನ್ನಡ ಪುಸ್ತಕದಿಂದ ಒಂದು ಪ್ಯಾರಾ ಗಟ್ಟಿಯಾಗಿ ಓದಿಸಿ. 52ರಲ್ಲಿ 27 ಕಳೆಯಲು ಹೇಳಿ, ಮಾಡುತ್ತಾ ಮಾಡುತ್ತಾ ಬಾಯಲ್ಲಿ ಹೇಳುವಂತೆ ಕೇಳಿ. ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. ಎರಡರಲ್ಲಿ ಏಳು ಹೋಗುವುದಿಲ್ಲವಲ್ಲ, ಹಾಗಾಗಿ ಏಳರಲ್ಲಿ ಎರಡು ಕಳೆದು ಐದು. ಐದರಲ್ಲಿ ಎರಡು ಕಳೆದು ಮೂರು. ಈ ಮಗು ಸೋಮಾರಿಯಲ್ಲ. 'ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು' ಎಂದು ಯಾರೋ ಹೇಳಿದ್ದನ್ನು ಶ್ರದ್ಧೆಯಿಂದ ಪಾಲಿಸಿದೆ. ದಶಕ ತೆಗೆದುಕೊಳ್ಳುವುದನ್ನು ಕಡ್ಡಿ ಕಟ್ಟುಗಳಲ್ಲಿ ತೋರಿಸಿದರೆ ಮೂರು ನಾಲ್ಕು ದಿನದ ಕೆಲಸ. ತೋರಿಸದೆ ಬಿಟ್ಟರೆ ಎಂಟನೇ ತರಗತಿಯಲ್ಲಿ ಅವನಿಗೆ ಬೀಜಗಣಿತದ ಮೇಲೆ 'ಆಸಕ್ತಿ ಇಲ್ಲ' ಎಂಬ ಹಣೆಪಟ್ಟಿ.

ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಪ್ರಥಮ್ ಸಂಸ್ಥೆ ಮುಂಬೈ ಮತ್ತು ವಡೋದರಾದಲ್ಲಿ ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಿತ್ತು. ಹಿಂದೆ ಬಿದ್ದ ಮೂರು, ನಾಲ್ಕನೇ ತರಗತಿಯ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಅದೇ ಬಡಾವಣೆಯ ಯುವತಿಯರಿಂದ ಅವರಿದ್ದ ಮಟ್ಟದಿಂದ ಪಾಠ ಹೇಳಿಸಲಾಯಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೊ ಮತ್ತು ಸಂಗಡಿಗರು ಅದನ್ನು ಅಳೆದು 2007ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಮಕ್ಕಳ ಅಂಕ ಸ್ಪಷ್ಟವಾಗಿ ಏರಿತ್ತು. ಹೆಚ್ಚು ಲಾಭವಾದದ್ದು ತೀರಾ ಹಿಂದೆ ಇದ್ದವರಿಗೆ.

ಕೆಲಸದ ಜಾಗದಲ್ಲಿ "ಗೊತ್ತಾಯ್ತಾ?" ಎಂದು ಮಾತ್ರ ಕೇಳಬೇಡಿ. ಅದಕ್ಕೆ ಎಲ್ಲರ ಉತ್ತರವೂ "ಹೂಂ ಸಾರ್". ಬದಲಿಗೆ, "ಅಣ್ಣಾ, ಒಂದ್ಸಲ ನೀವೇ ಮಾಡಿ ತೋರ್ಸಿ, ನಾನು ಸುಮ್ನೆ ನೋಡ್ತೀನಿ" ಅನ್ನಿ. ಮಧ್ಯೆ ಬಾಯಿ ಹಾಕಬೇಡಿ. ಕೈ ಎಲ್ಲಿ ನಿಲ್ಲುತ್ತದೋ ಪಾಠ ಅಲ್ಲಿಂದ ಶುರು.

2. ಗುರಿ ಸಣ್ಣದಿರಲಿ, ಸ್ಪಷ್ಟವಿರಲಿ

'ಚೆನ್ನಾಗಿ ಓದು', 'ಇನ್ನೂ ಚೆನ್ನಾಗಿ ಮಾಡಿ' ಇವು ಹಾರೈಕೆಗಳು. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬಿಬ್ಬರು ಗುರಿಯ ಕುರಿತು ದಶಕಗಟ್ಟಲೆ ಕೆಲಸ ಮಾಡಿದವರು. ಅವರ ತೀರ್ಮಾನ ಏನೆಂದರೆ, ಸ್ಪಷ್ಟವಾದ, ಸ್ವಲ್ಪ ಕಷ್ಟದ ಗುರಿ 'ನಿನ್ನಿಂದಾದಷ್ಟು ಮಾಡು' ಎಂಬ ಮಾತಿಗಿಂತ ಹೆಚ್ಚು ಕೆಲಸ ಮಾಡಿಸುತ್ತದೆ.

ಇದರ ಪ್ರಸಿದ್ಧ ಉದಾಹರಣೆ ಮಲೆನಾಡಿನವರಿಗೆ ಪರಿಚಿತವಾದ ನಾಟಾ ಲಾರಿಗಳದ್ದು. ಅಮೆರಿಕದ ಓಕ್ಲಹೋಮದಲ್ಲಿ ಕಾಡಿನಿಂದ ಮರದ ದಿಮ್ಮಿ ಸಾಗಿಸುವ ಲಾರಿಗಳು ಕಾನೂನು ಒಪ್ಪುವ ತೂಕದ ಶೇ. 60ರಷ್ಟನ್ನು ಮಾತ್ರ ತುಂಬಿಕೊಂಡು ಓಡುತ್ತಿದ್ದವು. ಹೆಚ್ಚು ತುಂಬಿ ಎಂದು ಹೇಳಿ ಹೇಳಿ ಕಂಪನಿಯವರಿಗೆ ಸಾಕಾಗಿತ್ತು. ಲೇಥಮ್ ಮತ್ತು ಬಾಲ್ಡೆಸ್ 'ಶೇ. 94' ಎಂಬ ಒಂದು ಸಂಖ್ಯೆ ಕೊಟ್ಟರು. ಬೋನಸ್ ಇಲ್ಲ, ಮುಟ್ಟದಿದ್ದರೆ ಬೈಗುಳವೂ ಇಲ್ಲ. ಮೂರನೇ ತಿಂಗಳ ಹೊತ್ತಿಗೆ ಲೋಡು ಶೇ. 90ರ ಸುತ್ತಮುತ್ತ ಬಂದು ನಿಂತಿತು. ಇದು 1975ರ ವರದಿ. ನಮ್ಮ ಘಾಟಿಯ ಲಾರಿಗಳು ಕಾನೂನಿನ ತೂಕವನ್ನು ಯಾವ ದಿಕ್ಕಿನಲ್ಲಿ ಮೀರುತ್ತವೆ ಎಂಬುದು ಬೇರೆ ವಿಷಯ!

ಇಲ್ಲಿ ಒಂದು ಎಚ್ಚರಿಕೆ ಬೇಕು, ಇದನ್ನು ತಪ್ಪಿಸುವವರೇ ಹೆಚ್ಚು. ಲೋಡ್ ಮಾಡುವುದು ಆ ಚಾಲಕರಿಗೆ ಗೊತ್ತಿದ್ದ ಕೆಲಸ. ಗೊತ್ತಿಲ್ಲದ, ಜಟಿಲವಾದ ಕೆಲಸಕ್ಕೆ ಸಂಖ್ಯೆಯ ಗುರಿ ಕೊಟ್ಟರೆ ತಿರುಗುಬಾಣವಾಗುತ್ತದೆ. ಕಲಿಯುವ ತಲೆ ಸಂಖ್ಯೆಯ ಚಿಂತೆಯಲ್ಲೇ ಕಳೆದುಹೋಗುತ್ತದೆ. ಅಲ್ಲಿ 'ಇಷ್ಟು ಮಾಡು' ಅನ್ನುವುದಕ್ಕಿಂತ 'ಇಷ್ಟು ವಿಧಾನ ಕಂಡುಕೋ' ಅನ್ನುವ ಗುರಿ ಮೇಲು ಎಂದು ಲೇಥಮ್ ಅವರೇ ಸೇಯ್ಟ್ಸ್ ಜೊತೆ ಮಾಡಿದ ಕೆಲಸ ಹೇಳುತ್ತದೆ. ನಮ್ಮ ಸೊಸೈಟಿಗಳಲ್ಲಿ ಈಗ ಗಣಕೀಕರಣ ನಡೆದಿದೆ. ಇಪ್ಪತ್ತೈದು ವರ್ಷ ಲೆಡ್ಜರ್ ಬರೆದ ಗುಮಾಸ್ತರ ಮುಂದೆ ಕಂಪ್ಯೂಟರ್ ಇಟ್ಟು 'ಇವತ್ತು ಐವತ್ತು ಎಂಟ್ರಿ ಆಗಬೇಕು' ಅಂದರೆ ಅವರು ಐವತ್ತು ಎಂಟ್ರಿ ಮಾಡಿಯಾರು, ಹತ್ತು ತಪ್ಪಿರುತ್ತವೆ, ಮೌಸ್ ಕಂಡರೆ ಕೋಪ ಬರುತ್ತದೆ. 'ಈ ವಾರ ಜಮಾ-ಖರ್ಚು ತಾಳೆಯಾಗದಿದ್ದಾಗ ತಪ್ಪು ಹುಡುಕುವ ಮೂರು ದಾರಿ ಗೊತ್ತಾಗಬೇಕು' ಅನ್ನಿ. ಲೆಡ್ಜರಿನ ಅವರ ಹಳೆಯ ಬುದ್ಧಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಐವತ್ತರ ಮಾತು ಮುಂದಿನ ತಿಂಗಳಿಗಿರಲಿ.

ಮಕ್ಕಳಿಗೆ ಗುರಿ ಕಣ್ಣಿಗೆ ಕಾಣಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿಯಲ್ಲಿ ಕಲಿಕಾ ಏಣಿ ಇರುವುದು ಇದಕ್ಕೇ. ತಾನು ಯಾವ ಮೆಟ್ಟಿಲಲ್ಲಿದ್ದೇನೆ, ಮುಂದಿನದು ಯಾವುದು ಎಂದು ಒಂದನೇ ತರಗತಿಯ ಮಗುವಿಗೂ ಗೊತ್ತು. ವಿಚಿತ್ರ ನೋಡಿ, ಆರೇಳು ವರ್ಷದವರಿಗೆ ಕೊಟ್ಟ ಈ ಸೌಲಭ್ಯವನ್ನು ಹತ್ತನೇ ತರಗತಿಯವರಿಗೆ ನಾವು ಕೊಡುವುದಿಲ್ಲ. ಅವರಿಗಿರುವುದು 'ಪಾಸಾಗಬೇಕು' ಎಂಬ ಒಂದೇ ಮೆಟ್ಟಿಲು. ವಿಜ್ಞಾನದ ಒಂದು ಅಧ್ಯಾಯವನ್ನು ಎಂಟು ಹತ್ತು ಚಿಕ್ಕ ಪ್ರಶ್ನೆಗಳಾಗಿ ಒಡೆದು ನೋಟ್ಸಿನ ಮೊದಲ ಪುಟದಲ್ಲಿ ಬರೆಸಿ. ಬಂದದ್ದಕ್ಕೆ ಅವರೇ ಟಿಕ್ ಹಾಕಿಕೊಳ್ಳಲಿ.

3. ಓದಿಸುವುದು ಕಡಿಮೆ, ನೆನಪಿನಿಂದ ತೆಗೆಸುವುದು ಹೆಚ್ಚು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಇಡಲು ಪುರುಸೊತ್ತಿರುವವರು ಇದನ್ನು ಇಡಿ.

ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪುಟ್ಟ ಪಠ್ಯ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲ ಓದಿ, ಆಮೇಲೆ ಮೂರು ಸಲ ಪುಸ್ತಕ ನೋಡದೆ ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ನಾಲ್ಕು ಸಲ ಓದಿದವರೇ ಮುಂದು: ಶೇ. 83ಕ್ಕೆ 71. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಲೆಕೆಳಗು. ಓದಿದವರಿಗೆ ಉಳಿದದ್ದು ಶೇ. 40, ನೆನಪಿನಿಂದ ಬರೆದವರಿಗೆ ಶೇ. 61. ಇದರ ಜೊತೆ ಇನ್ನೊಂದು ವಿಷಯವಿದೆ. ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಧೈರ್ಯ ಹೆಚ್ಚಿದ್ದದ್ದು ಬರೀ ಓದಿದವರಿಗೆ! ಪರೀಕ್ಷೆಯ ಹಿಂದಿನ ರಾತ್ರಿ "ಎಲ್ಲಾ ಓದಿದೀನಿ ಅಮ್ಮ" ಅಂದವಳು ಹಾಲ್‌ನಲ್ಲಿ ಬೆಪ್ಪಾಗುವುದು ಸುಳ್ಳು ಹೇಳಿದ್ದಕ್ಕಲ್ಲ. ಅವಳು ನಿಜವಾಗಿಯೂ ಓದಿದ್ದಳು.

ತರಗತಿಯಲ್ಲಿ ಹೀಗೆ ಮಾಡಿ. ಪೀರಿಯಡ್ಡಿನ ಮೊದಲ ಐದು ನಿಮಿಷ, ಪುಸ್ತಕ ಮುಚ್ಚಿ, ನಾಲ್ಕು ಪ್ರಶ್ನೆ. ಎರಡು ನಿನ್ನೆಯದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು. ಎಲ್ಲರೂ ಬರೆಯಬೇಕು. ಕೈಯೆತ್ತಿದ ಒಬ್ಬನನ್ನು ಕೇಳಿದರೆ ಅವನೊಬ್ಬನ ನೆನಪು ಗಟ್ಟಿಯಾಗುತ್ತದೆ, ಉಳಿದ ಮೂವತ್ತೊಂಬತ್ತು ಜನ ಪ್ರೇಕ್ಷಕರು. ಉತ್ತರವನ್ನು ಕೂಡಲೇ ಹೇಳಿ, ಅವರವರೇ ತಿದ್ದಿಕೊಳ್ಳಲಿ. ಈ ಅಂಕವನ್ನು ಎಲ್ಲಿಯೂ ದಾಖಲಿಸಬೇಡಿ. ದಾಖಲಿಸಿದ ಮರುಕ್ಷಣ ಅದು ಪರೀಕ್ಷೆಯಾಗುತ್ತದೆ, ಪಕ್ಕದವನ ಸ್ಲೇಟಿನ ಮೇಲೆ ಕಣ್ಣು ಹೋಗುತ್ತದೆ.

ದೊಡ್ಡವರ ಕಲಿಕೆಗೂ ಇದೇ ಮದ್ದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೊ ದ್ರಾವಣ ತಯಾರಿಸುವುದನ್ನು ತೋಟದ ಹೊಸ ಹುಡುಗನಿಗೆ ಕಲಿಸಬೇಕು ಅಂದುಕೊಳ್ಳಿ. ಸಾಮಾನ್ಯವಾಗಿ ಏನು ಮಾಡುತ್ತೇವೆ? ನಾವೇ ಕಲಸುತ್ತಾ ವಿವರಿಸುತ್ತೇವೆ, ಅವನು ತಲೆಯಾಡಿಸುತ್ತಾನೆ. ಹಾಗಲ್ಲದೆ ಒಮ್ಮೆ ಮಾಡಿ ತೋರಿಸಿ. 1 ಕೆ.ಜಿ. ಮೈಲುತುತ್ತ 50 ಲೀಟರ್ ನೀರಿಗೆ, 1 ಕೆ.ಜಿ. ಸುಣ್ಣ ಇನ್ನೊಂದು ಡ್ರಮ್ಮಿನ 50 ಲೀಟರಿಗೆ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕದಡುವುದು. ಕೊನೆಗೆ ತಿಕ್ಕಿ ತೊಳೆದ ಚಾಕುವಿನ ಅಲಗು ಅದ್ದಿ ನೋಡುವುದು. ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಇಷ್ಟಾದ ಮೇಲೆ ಕಾಫಿ ಕುಡಿದು ಬನ್ನಿ. ಈಗ ಅವನು ಹೇಳಲಿ, ನೀವು ಕೂಲಿಯವನಂತೆ ಅವನು ಹೇಳಿದ್ದನ್ನಷ್ಟೇ ಮಾಡಿ. "ಕಬ್ಬಿಣದ ಡ್ರಮ್ ಆದ್ರೆ ಆಗ್ತದಾ?" ಅಂತ ನಡುವೆ ಕೇಳಿ. ಆಗುವುದಿಲ್ಲ, ಪ್ಲಾಸ್ಟಿಕ್ ಬೇಕು ಅಂತ ಅವನ ಬಾಯಿಂದಲೇ ಬರಬೇಕು. ಮಾರನೇ ದಿನ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ, ಮತ್ತೆ ಎರಡು ವಾರ ಬಿಟ್ಟು ಒಮ್ಮೆ ಬರೀ ಬಾಯಲ್ಲಿ ಹೇಳಿಸಿ. ಒಂದೇ ದಿನ ನಾಲ್ಕು ಸಲ ಹೇಳಿಸುವುದಕ್ಕಿಂತ ಹೀಗೆ ಅಂತರ ಕೊಟ್ಟು ಹೇಳಿಸುವುದು ಎಷ್ಟೋ ಗಟ್ಟಿ. ಅಂತರದ ಲಾಭ ಕಲಿಕೆಯ ಸಂಶೋಧನೆಯಲ್ಲಿ ನೂರು ವರ್ಷಕ್ಕೂ ಹಳೆಯ ಸತ್ಯ. ಎರಡನೇ ಸುತ್ತಿನ ಸಿಂಪಡಣೆ ಬರುವಷ್ಟರಲ್ಲಿ, ಅಂದರೆ ನಲವತ್ತು ನಲವತ್ತೈದು ದಿನಕ್ಕೆ, ಅವನನ್ನು ಒಬ್ಬನೇ ಬಿಡಬಹುದು.

ಲೆಕ್ಕಗಳ ವಿಷಯದಲ್ಲಿ ಇನ್ನೊಂದು ಉಪಾಯವಿದೆ, ಕಲಸುವುದು. ಸಿಲಿಂಡರಿನ ಹತ್ತು ಲೆಕ್ಕ, ಆಮೇಲೆ ಶಂಕುವಿನ ಹತ್ತು ಲೆಕ್ಕ ಎಂದು ಸಾಲಾಗಿ ಕೊಟ್ಟರೆ ಮಕ್ಕಳು ಮೇಲಿನ ಸೂತ್ರವನ್ನೇ ಕೆಳಗೆ ಇಳಿಸುತ್ತಾ ಹೋಗುತ್ತಾರೆ. ರೋರರ್ ಮತ್ತು ಟೇಲರ್ 2007ರಲ್ಲಿ ಘನಾಕೃತಿಗಳ ಗಾತ್ರದ ಲೆಕ್ಕಗಳನ್ನು ಒಂದು ಗುಂಪಿಗೆ ಸಾಲಾಗಿ, ಇನ್ನೊಂದಕ್ಕೆ ಕಲಸಿ ಕೊಟ್ಟರು. ಅಭ್ಯಾಸ ಮಾಡುವಾಗ ಸಾಲಾಗಿ ಮಾಡಿದವರು ಶೇ. 89 ಸರಿ, ಕಲಸಿದವರು ಶೇ. 60. ವಾರದ ನಂತರ? ಸಾಲಿನವರು ಶೇ. 20ಕ್ಕೆ ಕುಸಿದರು, ಕಲಸಿದವರು 63ರಲ್ಲಿ ನಿಂತರು.

ಎರಡು ಅಧ್ಯಯನಗಳಲ್ಲೂ ಒಂದೇ ತೊಡಕು ಕಾಣುತ್ತದೆ. ಚೆನ್ನಾಗಿ ಕಲಿಸುವ ವಿಧಾನ ಕಲಿಯುವಾಗ ಕಷ್ಟ ಅನ್ನಿಸುತ್ತದೆ, 'ನನಗೆ ಬರ್ತಿಲ್ಲ' ಎಂಬ ಭಾವ ತರುತ್ತದೆ. ಹುಮ್ಮಸ್ಸು ಕುಗ್ಗುವ ಅಪಾಯ ಇಲ್ಲಿದೆ. ಆದ್ದರಿಂದ ಮೊದಲ ದಿನವೇ ಹೇಳಿಬಿಡಿ: "ನೋಡ್ರೋ, ಈ ಥರ ಮಾಡಿದ್ರೆ ಈಗ ಜಾಸ್ತಿ ತಪ್ಪಾಗ್ತದೆ. ಮುಂದಿನ ವಾರ ನೋಡಿ." ಮುಂದಿನ ವಾರ ಅದೇ ಪ್ರಶ್ನೆ ಕೇಳಿ ತೋರಿಸಲೂಬೇಕು.

4. ಹೊಗಳಿಕೆ, ಬೈಗುಳ, ತಿದ್ದುವಿಕೆ

ತಿದ್ದಿದರೆ ಒಳ್ಳೆಯದೇ ಆಗುತ್ತದೆ ಎಂಬ ಭರವಸೆ ಬೇಡ. ಕ್ಲೂಗರ್ ಮತ್ತು ಡಿನಿಸಿ 1996ರಲ್ಲಿ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ ನೋಡಿದಾಗ, ಒಟ್ಟಾರೆ ಲಾಭವಿದ್ದರೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಹಿಮ್ಮಾಹಿತಿ (ಫೀಡ್‌ಬ್ಯಾಕ್) ಕೊಟ್ಟ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಗಮನ ಕೆಲಸದಿಂದ ಜಾರಿ 'ನಾನೆಂಥವನು' ಎಂಬುದರ ಮೇಲೆ ಹೋದಷ್ಟೂ ಲಾಭ ಕರಗುತ್ತದೆ ಎಂಬುದು ಅವರ ವಿವರಣೆ.

ಹೊಗಳಿಕೆಗೂ ಇದೇ ಅನ್ವಯ. 1998ರಲ್ಲಿ ಮುಲ್ಲರ್ ಮತ್ತು ಡ್ವೆಕ್ ಐದನೇ ತರಗತಿಯ ಮಕ್ಕಳಿಗೆ ಒಗಟುಗಳನ್ನು ಬಿಡಿಸಲು ಕೊಟ್ಟು, ಕೆಲವರಿಗೆ 'ನೀನು ಬುದ್ಧಿವಂತ', ಕೆಲವರಿಗೆ 'ಚೆನ್ನಾಗಿ ಪ್ರಯತ್ನಪಟ್ಟೆ' ಎಂದರು. ಮುಂದೆ ಕಷ್ಟದ ಒಗಟು ಬಂದಾಗ ಬುದ್ಧಿವಂತರೆನಿಸಿಕೊಂಡವರು ಬೇಗ ಸೋತರು. ಬೇರೆ ಶಾಲೆಯ ಮಗುವಿಗೆ ತಮ್ಮ ಅಂಕ ಬರೆದು ತಿಳಿಸಲು ಹೇಳಿದಾಗ ಅವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಹೆಚ್ಚಿಸಿ ಬರೆದರು. ಇದರ ಮೇಲೆ ಕಟ್ಟಿದ, ಬುದ್ಧಿ ಪ್ರಯತ್ನದಿಂದ ಬೆಳೆಯುತ್ತದೆ ಎನ್ನುವ 'ಬೆಳೆಯುವ ಮನೋಭಾವ'ದ ಪೋಸ್ಟರು, ಕಾರ್ಯಾಗಾರಗಳ ಅಬ್ಬರವನ್ನು ಮಾತ್ರ ಪೂರ್ತಿ ನಂಬಬೇಡಿ. 2019ರಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿಯವರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಹಿಂದುಳಿದ ಮಕ್ಕಳ ಸರಾಸರಿ ಗ್ರೇಡು ಏರಿದ್ದು 0.1 ಅಂಶದಷ್ಟು. ಒಂದು ಗಂಟೆಗೂ ಕಡಿಮೆ ಅವಧಿಯ ಪಾಠಕ್ಕೆ ಅದು ಅಗ್ಗದ ಲಾಭ, ಪವಾಡವೇನಲ್ಲ.

ಮಾತಾಡುವಾಗ ಇಷ್ಟು ನೋಡಿಕೊಳ್ಳಿ. "ಶಹಬ್ಬಾಸ್, ಜಾಣೆ!" ಎಂದು ನಿಲ್ಲಿಸಬೇಡಿ. "ಮೂರನೇ ಸಾಲಲ್ಲಿ ಚಿಹ್ನೆ ಬದಲಾಯಿಸಿದ್ದು ಸರಿ ಪುಟ್ಟಾ, ನಾಲ್ಕನೇದರಲ್ಲಿ ಮರೆತಿದೀಯ, ಅಲ್ಲಿಂದ ಮತ್ತೆ ಮಾಡು" ಅನ್ನಿ. ಯಾವುದು ಸರಿ, ಎಲ್ಲಿ ತಪ್ಪು, ಮುಂದೇನು, ಅಷ್ಟು ಸಾಕು. ಕೆಲಸದವರನ್ನು ನಾಲ್ಕು ಜನರ ಎದುರು ತಿದ್ದಬೇಡಿ. ನಮ್ಮ ಕಡೆಯವರು ಎದುರು ಮಾತಾಡುವುದಿಲ್ಲ, ಮಾರನೇ ದಿನ ಬರುವುದಿಲ್ಲ.

5. ಬಹುಮಾನ ಎಲ್ಲಿ ಕೊಡಬೇಕು, ಎಲ್ಲಿ ಕೊಡಬಾರದು

1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಬಣ್ಣದ ಪೆನ್ನು ಕಂಡರೆ ಬಿಡದ ಮೂರರಿಂದ ಐದು ವರ್ಷದ ಮಕ್ಕಳನ್ನು ಆರಿಸಿದರು. ಚಿತ್ರ ಬಿಡಿಸಿದರೆ ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಒಂದು ಗುಂಪಿಗೆ ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಹೇಳದೆ ಕೊಟ್ಟರು, ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟಾಗ, ಆಸೆ ತೋರಿಸಿ ಬಹುಮಾನ ಕೊಟ್ಟ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಕೊಟ್ಟವರಿಗೆ ಏನೂ ಆಗಿರಲಿಲ್ಲ.

ಹಾಗಾದರೆ ಬಹುಮಾನ, ಬೋನಸ್ಸು ಎಲ್ಲಾ ಕೆಟ್ಟದ್ದೇ? ಅಷ್ಟು ಸರಳವಿಲ್ಲ. ಆಂಧ್ರಪ್ರದೇಶದ ಹಳ್ಳಿ ಶಾಲೆಗಳಲ್ಲಿ ಮಕ್ಕಳ ಅಂಕ ಏರಿದರೆ ಶಿಕ್ಷಕರಿಗೆ ಬೋನಸ್ ಕೊಡುವ ಪ್ರಯೋಗದ ಫಲಿತಾಂಶವನ್ನು ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2011ರಲ್ಲಿ ಪ್ರಕಟಿಸಿದರು. ಗಣಿತ, ಭಾಷೆ ಎರಡರಲ್ಲೂ ಮಕ್ಕಳು ಮುಂದೆ ಬಂದಿದ್ದರು. ಅದೇ ವರ್ಷ ಅಮೆರಿಕದ ರೋಲಂಡ್ ಫ್ರೈಯರ್ ವರದಿ ಮಾಡಿದಂತೆ, ಡಲ್ಲಾಸ್‌ನಲ್ಲಿ ಓದಿದ ಪುಸ್ತಕಕ್ಕೆ ಎರಡೆರಡು ಡಾಲರ್ ಕೊಟ್ಟಾಗ ಮಕ್ಕಳ ಓದು ಸುಧಾರಿಸಿತು. ನ್ಯೂಯಾರ್ಕ್‌ನಲ್ಲಿ ಪರೀಕ್ಷೆಯ ಅಂಕಕ್ಕೆ ದುಡ್ಡು ಕೊಟ್ಟಾಗ ಏನೂ ಆಗಲಿಲ್ಲ. ಪುಸ್ತಕ ಓದುವುದು ಮಗುವಿನ ಕೈಯಲ್ಲಿದೆ. ಅಂಕ ಹೆಚ್ಚಿಸುವುದು ಹೇಗೆಂದು ಅದಕ್ಕೆ ಗೊತ್ತಿಲ್ಲದಿದ್ದರೆ ದುಡ್ಡು ತೋರಿಸಿ ಏನು ಪ್ರಯೋಜನ?

ಇವೆಲ್ಲವನ್ನೂ ನೋಡಿ ನಾನು ಇಟ್ಟುಕೊಂಡಿರುವ ನಿಯಮಗಳು ಇವು. ಮಗು ತಾನಾಗಿಯೇ ಇಷ್ಟಪಟ್ಟು ಮಾಡುವುದಕ್ಕೆ ಬಹುಮಾನದ ಆಮಿಷ ಒಡ್ಡಬೇಡಿ. ಬೇಸರ ತರಿಸುವ, ಆದರೆ ಆಗಲೇಬೇಕಾದ ಕೆಲಸಕ್ಕೆ ಕೊಡಬಹುದು: ಮಗ್ಗಿ, ಕಾಗುಣಿತ, ದಾಸ್ತಾನು ಎಣಿಕೆ. ಕೊಟ್ಟರೆ 'ಶೇ. 90 ತೆಗೆದರೆ ಸೈಕಲ್' ಎನ್ನುವ ಬದಲು ದಿನದ ಅಭ್ಯಾಸಕ್ಕೆ ಕೊಡಿ. ಇನ್ನು, ಅಳತೆಯ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಕಲಿಸುವವರು ಯಾರು ಎಂದು ಯೋಚಿಸಿ. ಸುಲಿದಷ್ಟು ದುಡ್ಡು ಎಂಬ ಲೆಕ್ಕ ಬಲ್ಲವರಿಗೆ ಸರಿ. ಪಕ್ಕದಲ್ಲಿ ಕೂತ ಹೊಸಬಳಿಗೆ ಕತ್ತಿಗೆ ಅಡಿಕೆ ಒಡ್ಡುವ ಪರಿ ತೋರಿಸುವ ಅಕ್ಕನಿಗೆ ಪ್ರತಿ ನಿಮಿಷವೂ ನಷ್ಟ. ಆ ಹೊತ್ತಿಗೆ ಬೇರೆ ಕೂಲಿ ಕಟ್ಟಿಕೊಡಿ. ಕಾರ್ಖಾನೆಯ ಇನ್ಸೆಂಟಿವ್ ಪದ್ಧತಿಯಲ್ಲೂ ಇದೇ ತೂತು ಇರುತ್ತದೆ.

6. ಕಾರಣ ಅವರೇ ಕಂಡುಕೊಳ್ಳಲಿ, ಸ್ವಲ್ಪ ಆಯ್ಕೆ ಇರಲಿ

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಪ್ರಕಾರ ಒಳಗಿನಿಂದ ಹುಮ್ಮಸ್ಸು ಉಳಿಯಲು ಮೂರು ಬೇಕು: ನಾನೇ ಆರಿಸಿದೆ ಅನ್ನಿಸುವುದು, ನನಗೆ ಬರುತ್ತದೆ ಅನ್ನಿಸುವುದು, ಇವರು ನನ್ನವರು ಅನ್ನಿಸುವುದು. ಎರಡನೆಯದನ್ನು ಮೇಲೆ ನೋಡಿದೆವು. ಮೂರನೆಯದಕ್ಕೆ ನಮ್ಮ ಸಣ್ಣ ಶಾಲೆಗಳಲ್ಲಿ ಅಷ್ಟು ಕೊರತೆಯಿಲ್ಲ.

ಆಯ್ಕೆ ದೊಡ್ಡದಾಗಿರಬೇಕಿಲ್ಲ. ಎಂಟು ಲೆಕ್ಕದಲ್ಲಿ ಯಾವ ಐದನ್ನಾದರೂ ಮಾಡು. ತರಬೇತಿ ಬುಧವಾರವೋ ಶನಿವಾರವೋ ನೀವೇ ಹೇಳಿ. ಇಷ್ಟೇ ಸಾಕು.

'ಇದು ಯಾಕೆ ಬೇಕು' ಎಂಬುದಕ್ಕೆ ಮಾತ್ರ ಭಾಷಣ ಬೇಡ. ಹುಲ್ಲೆಮನ್ ಮತ್ತು ಹರಾಕಿವಿಚ್ 2009ರಲ್ಲಿ ಒಂಬತ್ತನೇ ತರಗತಿಯ ವಿಜ್ಞಾನದ ಮಕ್ಕಳಿಂದ, ಕಲಿತ ಪಾಠ ತಮ್ಮ ಬದುಕಿಗೆ ಹೇಗೆ ತಾಗುತ್ತದೆ ಎಂದು ಅವರಿಂದಲೇ ಬರೆಸಿದರು. 'ನನ್ನಿಂದಾಗದು' ಅಂದುಕೊಂಡಿದ್ದ ಮಕ್ಕಳ ಆಸಕ್ತಿಯೂ ಗ್ರೇಡೂ ಏರಿದವು. ಆಮ್ಲ-ಪ್ರತ್ಯಾಮ್ಲ ಪಾಠ ಮುಗಿದ ಮೇಲೆ ಎಂಟು ಸಾಲು ಬರೆಯಲು ಕೊಡಿ. ತೋಟಕ್ಕೆ ಸುಣ್ಣ ಯಾಕೆ ಹಾಕುತ್ತಾರೆ, ವಾಟೆಹುಳಿ ಹಚ್ಚಿದರೆ ತಾಮ್ರದ ಚೆಂಬು ಯಾಕೆ ಹೊಳೆಯುತ್ತದೆ ಎಂದು ನಮ್ಮ ಮಕ್ಕಳು ಬರೆದಾರು. ಮೇಷ್ಟ್ರು ಉದಾಹರಣೆ ಹೇಳಿಕೊಡದಿದ್ದರೆ ಸಾಕು.

ದೊಡ್ಡವರಿಗೆ ತಮ್ಮ ಕೆಲಸದಿಂದ ಉಪಕಾರ ಪಡೆದವರ ಮುಖ ತೋರಿಸಿ. ವಿಶ್ವವಿದ್ಯಾಲಯವೊಂದಕ್ಕೆ ಫೋನಿನಲ್ಲಿ ದೇಣಿಗೆ ಕೇಳುವ ಕೆಲಸದವರು, ಆ ದುಡ್ಡಿನಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯನ್ನು ಐದು ನಿಮಿಷ ಭೇಟಿಯಾದರು. ತಿಂಗಳ ನಂತರ ಅವರು ಫೋನಿನಲ್ಲಿ ಕಳೆಯುವ ಹೊತ್ತು ಎರಡು ಪಟ್ಟು ಮೀರಿತ್ತು. ಆಡಮ್ ಗ್ರಾಂಟ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ್ದು ಇದು. ಬೆಳೆಸಾಲದ ಕಡತ ಬರೆಯುವ ಹುಡುಗಿಯನ್ನು ವರ್ಷಕ್ಕೊಮ್ಮೆ ಸಾಲಗಾರರ ತೋಟಕ್ಕೆ ಕರೆದುಕೊಂಡು ಹೋಗುವ ಖರ್ಚು ಎಷ್ಟಾದೀತು?

7. ತರಬೇತಿ ಮುಗಿದ ಮಾರನೇ ದಿನ

ಶಿವಮೊಗ್ಗದಲ್ಲಿ ಎರಡು ದಿನದ ತರಬೇತಿ, ಊಟ, ಗ್ರೂಪ್ ಫೋಟೋ, ಪ್ರಮಾಣಪತ್ರ. ಸೋಮವಾರ ಹಳೆಯ ಪದ್ಧತಿ. ಕಲಿತದ್ದು ಕೆಲಸಕ್ಕೆ ಇಳಿಯಲು ಕಲಿಯುವವರ ಗುಣ, ತರಬೇತಿಯ ರೀತಿ ಇವೆರಡರ ಜೊತೆ ಕೆಲಸದ ಜಾಗದ ವಾತಾವರಣವೂ ಬೇಕು ಎಂದು ಬಾಲ್ಡ್ವಿನ್ ಮತ್ತು ಫೋರ್ಡ್ 1988ರಲ್ಲೇ ವಿಂಗಡಿಸಿ ತೋರಿಸಿದ್ದರು. ಮುಖ್ಯ ಶಿಕ್ಷಕರೋ ಮ್ಯಾನೇಜರೋ ಮಾಡಬೇಕಾದ್ದು ಸಣ್ಣದು. ಕಳಿಸುವ ಮೊದಲು "ಬಂದ ಮೇಲೆ ಯಾವ ಒಂದನ್ನು ಇಲ್ಲಿ ಮಾಡಿ ನೋಡ್ತೀರಿ?" ಅಂತ ಕೇಳಿ. ಬಂದ ವಾರದೊಳಗೆ ಅದನ್ನು ಮಾಡಲು ಹೊತ್ತು, ಸಾಮಾನು ಕೊಡಿ.

ಮೊದಲ ಸಲ ಕೆಡುತ್ತದೆ, ಕೆಡಲು ಬಿಡಿ. ಏಮಿ ಎಡ್ಮಂಡ್‌ಸನ್ 1996ರಲ್ಲಿ ಆಸ್ಪತ್ರೆಯ ತಂಡಗಳನ್ನು ನೋಡಿದಾಗ, ಒಳ್ಳೆಯ ಮುಖ್ಯಸ್ಥರಿದ್ದ ತಂಡಗಳಲ್ಲೇ ಔಷಧಿ ಕೊಡುವ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆಯಿರಲಿಲ್ಲ ಎಂಬುದೇ ಮುಖ್ಯ ಕಾರಣವಿರಬೇಕು ಎಂದು ಅವರಿಗೆ ಕಂಡಿತು. ಫೌಂಡ್ರಿಯಲ್ಲಿ ಅಚ್ಚು ಕೆಟ್ಟರೆ ಮೊದಲು "ಯಾರು?" ಅಂತ ಕೇಳುವ ಸೂಪರ್‌ವೈಸರ್ ಮುಂದೆ ಕೆಟ್ಟ ಅಚ್ಚುಗಳು ರಾತ್ರೋರಾತ್ರಿ ಮಾಯವಾಗುತ್ತವೆ. "ಯಾವ ಹಂತದಲ್ಲಿ?" ಅಂತ ಕೇಳಿ.

ಆರು ವಾರದ ನಂತರ

ಒಂದು ನೂರು ಪುಟದ ನೋಟ್‌ಬುಕ್ ಇಡಿ. ವಾರಕ್ಕೊಂದು ಸಾಲು: ಯಾರಿಗೆ, ಏನು ಬರುತ್ತಿರಲಿಲ್ಲ, ಈಗ ಏನು ಬರುತ್ತದೆ. ಮುಖ ನೋಡಿ ಹುಮ್ಮಸ್ಸು ಅಳೆಯಬೇಡಿ. ಕೇಳದೆಯೇ ಪ್ರಶ್ನೆ ಕೇಳಿದರೇ, ಹೇಳದೆಯೇ ಮುಂದಿನ ಲೆಕ್ಕಕ್ಕೆ ಕೈ ಹಾಕಿದರೇ ಎಂದು ಬರೆದುಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಒಂದು ಮಗು ಇದ್ದಲ್ಲೇ ಇದ್ದರೆ ಹುಮ್ಮಸ್ಸಿನ ಮಾತು ನಿಲ್ಲಿಸಿ, ಕಣ್ಣು ಮತ್ತು ಕಿವಿ ಪರೀಕ್ಷೆ ಮಾಡಿಸಿ. ಸರ್ಕಾರಿ ಶಾಲೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ, ಬಂದಾಗ ಆ ಮಗುವನ್ನು ಹೆಸರು ಹಿಡಿದು ತೋರಿಸಿ. ಅಲ್ಲಿಯವರೆಗೆ ಕಾಯಲಾಗದಿದ್ದರೆ ತಾಲ್ಲೂಕು ಆಸ್ಪತ್ರೆ ಅಥವಾ ಶಿವಮೊಗ್ಗದ ಮೆಗ್ಗಾನ್. ಅಕ್ಷರ ಕಾಣುತ್ತದೆ, ಕಿವಿ ಕೇಳುತ್ತದೆ, ಆದರೂ ಓದುವಾಗ ಅಕ್ಷರಗಳು ಅದಲುಬದಲಾಗುತ್ತವೆ ಎಂದಾದರೆ ಕಲಿಕಾ ನ್ಯೂನತೆಯ ಪರೀಕ್ಷೆಗೆ ಕೇಳಿ. ನಿಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಹೋಗುವಾಗ ಆ ನೋಟ್‌ಬುಕ್ ಕೊಂಡೊಯ್ಯಿರಿ. ಮಗುವಿಗೆ ಏನು ಬರುವುದಿಲ್ಲ ಎಂದು ಅವರು ಮೊದಲಿನಿಂದ ಹುಡುಕಬೇಕಾಗುವುದಿಲ್ಲ.